ಡೈಪರ್ ಕೆಳಗಿನ ಯೀಸ್ಟ್: ಕ್ರೀಮಿನ ಕೆಲಸ ಬೇರೆ, ನಮ್ಮ ಕೆಲಸ ಬೇರೆ

ಡೈಪರ್ ಬಿಚ್ಚಿದಾಗ ಮಗುವಿನ ಚರ್ಮ ಕೆಂಪಾಗಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು: "ರ‍್ಯಾಶ್ ಅಷ್ಟೇ, ಏನಾದ್ರೂ ಹಚ್ಚು, ಹೋಗುತ್ತೆ." ಎಷ್ಟೋ ಸಲ ಹೋಗುತ್ತದೆ ಕೂಡ. ನನ್ನ ಮಗಳಿಗೆ ಹೋಗಲಿಲ್ಲ. ಕಿವಿ ಸೋಂಕಿಗೆ ಆಂಟಿಬಯಾಟಿಕ್ ಕೊಡುತ್ತಿದ್ದಾಗ ಶುರುವಾದ ಕೆಂಪು ದಿನದಿಂದ ದಿನಕ್ಕೆ ಹರಡಿತು. ಮೂತ್ರ ತಾಗಿದರೆ ಸಾಕು, ಕಿರುಚಿ ಅಳುತ್ತಿದ್ದಳು. ಡಾಕ್ಟರ್ ತೊಡೆಸಂದು ಬಿಡಿಸಿ ನೋಡಿದವರೇ ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್ ಸೋಂಕು, ಎಂದರು.

ಅವರು ನೋಡಿದ ಜಾಗವೇ ಮುಖ್ಯ. ಮಾಮೂಲಿ ಡೈಪರ್ ರ‍್ಯಾಶ್ ಒದ್ದೆ ನೇರವಾಗಿ ತಾಗುವ ಕಡೆ ಬರುತ್ತದೆ. ಕುಂಡಿ ಕೆಂಪಾಗಿರುತ್ತದೆ, ಮಡಿಕೆಯ ಒಳಗೆ ಚರ್ಮ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಯೀಸ್ಟ್ ಹಾಗಲ್ಲ, ಮಡಿಕೆಯೊಳಗೇ ಸೇರಿಕೊಳ್ಳುತ್ತದೆ. ಕೆಂಪು ಗಾಢವಾಗಿರುತ್ತದೆ, ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಅಂಚಿನ ಆಚೆ ಸಣ್ಣ ಸಣ್ಣ ಗುಳ್ಳೆಗಳು ಚದುರಿಕೊಂಡಿರುತ್ತವೆ. ಮಗುವಿನ ಬಣ್ಣ ಕಪ್ಪಾಗಿದ್ದರೆ ಕೆಂಪಿನ ಬದಲು ನೇರಳೆ ಅಥವಾ ಸುತ್ತಲಿಗಿಂತ ಕಪ್ಪಾಗಿ ಕಾಣಬಹುದು.

ಇದರ ಹಿಂದಿರುವುದು ಕ್ಯಾಂಡಿಡಾ ಎಂಬ ಫಂಗಸ್. ಹೊರಗಿನಿಂದಲೇ ಬರಬೇಕೆಂದಿಲ್ಲ. ಚರ್ಮದ ಮೇಲೆ, ಕರುಳಿನಲ್ಲಿ ಸುಮ್ನೆ ಇರುತ್ತದೆ. ಅದನ್ನು ಹತೋಟಿಯಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಆಂಟಿಬಯಾಟಿಕ್ ಕಡಿಮೆ ಮಾಡಿದಾಗ, ಜೊತೆಗೆ ಬಿಸಿ ಮತ್ತು ಒದ್ದೆಯೂ ಸಿಕ್ಕಿದಾಗ ಬೆಳೆದುಬಿಡುತ್ತದೆ. ಹಾಗಾಗಿ "ಮಗುವನ್ನು ಶುಚಿಯಾಗಿ ಇಟ್ಟುಕೊಂಡಿಲ್ಲ" ಎಂದು ಯಾರಾದರೂ ಅಮ್ಮನ ಮೇಲೆ ಹಾಕಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ಮಾತು ನನಗೂ ಬಂತು, ತುಂಬಾ ನೋವಾಯಿತು.

ಫಂಗಸ್ ಸಾಯಿಸುವುದು ಕ್ರೀಮಿನ ಕೆಲಸ. ಕ್ಲೋಟ್ರಿಮಜೋಲ್, ನಿಸ್ಟಾಟಿನ್, ಮೈಕೊನಜೋಲ್ ಇಂಥವು. ಯಾವುದು, ದಿನಕ್ಕೆ ಎಷ್ಟು ಸಲ ಎಂದು ಡಾಕ್ಟರೇ ಹೇಳಲಿ. ಮನೆಯಲ್ಲಿ ನಮ್ಮ ಕೆಲಸ ಒಂದೇ: ಆ ಜಾಗ ಒಣಗಿರುವಂತೆ ನೋಡಿಕೊಳ್ಳುವುದು. ಇದು ಸಣ್ಣ ಕೆಲಸ ಅಲ್ಲ.

ಒದ್ದೆಯಾದ ಕೂಡಲೇ ಡೈಪರ್ ಬದಲಿಸುತ್ತಿದ್ದೆವು, ರಾತ್ರಿಯೂ ಅಷ್ಟೇ. ವಾಸನೆಯ ವೈಪ್ಸ್ ಪೂರ್ತಿ ನಿಲ್ಲಿಸಿದೆವು. ಉಗುರುಬೆಚ್ಚಗಿನ ನೀರು ಹಾಕಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸುತ್ತಿದ್ದೆ. ಉಜ್ಜಬಾರದು, ಚರ್ಮ ಇನ್ನಷ್ಟು ಸುಲಿಯುತ್ತದೆ. ಆಮೇಲೆ ಎರಡು ಬೆರಳಿನಿಂದ ಮಡಿಕೆ ಬಿಡಿಸಿ, ಒಳಗಿನ ಪಸೆಯನ್ನೂ ಬಟ್ಟೆಯ ತುದಿಯಿಂದ ತೆಗೆಯಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಇದೇ ಜಾಗ. ಬಳಿಕ ಹಳೆಯ ಬೆಡ್‌ಶೀಟ್ ಹಾಸಿ, ಡೈಪರ್ ಇಲ್ಲದೆ ಮಲಗಿಸಿ ಆಡಲು ಬಿಡುತ್ತಿದ್ದೆವು. ಶೀಟ್ ಒಗೆಯುವ ಕೆಲಸ ಜಾಸ್ತಿಯಾಯಿತು ನಿಜ, ಆದರೆ ಅವಳು ಅಳದೆ ಕಾಲು ಬಡಿಯುತ್ತಾ ಆಡಿದ್ದು ಆ ಹೊತ್ತಿನಲ್ಲಿ ಮಾತ್ರ. ಪೂರ್ತಿ ಒಣಗಿದ ಮೇಲೆ ಫಂಗಸ್ ಕ್ರೀಮ್ ತೆಳ್ಳಗೆ, ಅದರ ಮೇಲೆ ಜಿಂಕ್ ಆಕ್ಸೈಡ್ ಕ್ರೀಮ್. ಡೈಪರ್ ಸ್ವಲ್ಪ ಸಡಿಲ. ಹಚ್ಚುವ ಮೊದಲೂ ಆಮೇಲೂ ಕೈ ತೊಳೆಯಬೇಕು.

ಕೆಂಪು ಹೋಯಿತು ಎಂದು ಅವತ್ತೇ ಕ್ರೀಮ್ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಷ್ಟು ದಿನ ಮುಗಿಸಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ತುರಿಕೆ, ಫಂಗಸ್, ಸೋಂಕು ಎಲ್ಲಕ್ಕೂ ಆಗುತ್ತೆ ಎನ್ನುವ ಮಿಕ್ಸ್ ಮುಲಾಮುಗಳಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ಡೈಪರ್ ಮುಚ್ಚಿದ ಜಾಗದಲ್ಲಿ ಅದು ಮೈಗೆ ಜಾಸ್ತಿ ಸೇರುತ್ತದೆ, ಮಗುವಿನ ಚರ್ಮ ತೆಳ್ಳಗಾಗುತ್ತದೆ. ಯಾರೋ ಕೊಟ್ಟರೆಂದು ಹಚ್ಚಲೇಬೇಡಿ. ಟಾಲ್ಕಮ್ ಪೌಡರ್ ಕೂಡ ಬೇಡ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ವಿನೆಗರ್, ಅಡುಗೆ ಸೋಡಾ ಪ್ರಯೋಗಗಳೂ ಬೇಡ. ಸುಲಿದ ಚರ್ಮ ಅದು, ಎಷ್ಟು ಉರಿಯಬೇಡ!

ಬಾಯಿಯನ್ನೂ ನೋಡಿ. ನಾಲಿಗೆ ಮೇಲೆ ಹಾಲಿನ ಬಿಳುಪಾದರೆ ಒರೆಸಿದರೆ ಹೋಗುತ್ತದೆ. ಕೆನ್ನೆಯ ಒಳಗೂ ಬಿಳಿ ತೇಪೆಗಳಿದ್ದು, ಒರೆಸಿದರೂ ಸುಲಭವಾಗಿ ಬಿಡದಿದ್ದರೆ ಅದೂ ಯೀಸ್ಟ್ ಇರಬಹುದು. ಕೆರೆದು ತೆಗೆಯಬೇಡಿ. ಎದೆಹಾಲು ಕೊಡುವಾಗ ತೊಟ್ಟು ಉರಿದರೆ, ಚುಚ್ಚಿದಂತೆ ನೋವಾದರೆ ಡಾಕ್ಟರಿಗೆ ಹೇಳಿ. ಸೋಂಕು ಇಬ್ಬರಿಗೂ ಇದ್ದರೆ ಒಟ್ಟಿಗೇ ಔಷಧಿ ಮಾಡಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಓಡಾಡುತ್ತಿರುತ್ತದೆ. ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ಬಾಟಲಿ ನಿಪ್ಪಲ್, ಪ್ಯಾಸಿಫೈಯರ್ ದಿನವೂ ಕುದಿಸಿ. ಬಾಯಿಗೆ ಜೇನು ಹಚ್ಚುವುದು ಬೇಡವೇ ಬೇಡ, 1 ವರ್ಷದೊಳಗಿನ ಮಗುವಿಗೆ ಅದರಿಂದ ಬಾಟುಲಿಸಮ್ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಕ್ರೀಮ್ ಹಚ್ಚಿ 2–3 ದಿನವಾದರೂ ಸುಧಾರಿಸದಿದ್ದರೆ, ಕೀವು, ನೀರುಗುಳ್ಳೆ, ರಕ್ತ ಕಂಡರೆ, ಮಗು ಹಾಲು ಬಿಟ್ಟರೆ ಮತ್ತೆ ತೋರಿಸಿ. 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಕಾಯಬೇಡಿ, ತಕ್ಷಣ ಹೊರಡಿ. ಮುಂದೆ ಯಾವಾಗಲಾದರೂ ಆಂಟಿಬಯಾಟಿಕ್ ಬರೆದುಕೊಟ್ಟರೆ, ಹಿಂದೆ ಹೀಗಾಗಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿಬಿಡಿ.