ಹೊಸದುರ್ಗದ ರಾಗಿ ಹೊಲದಲ್ಲಿ ಅಣ್ಣೆ ಸೊಪ್ಪು

ಶ್ರಾವಣ ಕಳೆದು ಗೌರಿ ಹಬ್ಬ ಹತ್ತಿರವಾಗುವ ಹೊತ್ತಿಗೆ ಚಿತ್ರದುರ್ಗದ ಸೀಮೆ ನೋಡಬೇಕು. ಬರದ ನಾಡು ಅಂತ ಹೆಸರಾದ ನೆಲ ಇದು. ಆದರೆ ಹದವಾಗಿ ಮಳೆ ಬಿದ್ದರೆ ಸಾಕು, ಹೊಲ, ಬದು, ದಾರಿ ಎಲ್ಲ ಹಸಿರಾಗಿಬಿಡುತ್ತದೆ. ದಾವಣಗೆರೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆ ಮೇಲೆ ಹೊಸದುರ್ಗದ ಕಡೆ ಹೊರಟೆ. ಕೋಟೆ, ಚಂದ್ರವಳ್ಳಿ ಈ ಸಲ ಬೇಡ ಅಂದುಕೊಂಡಿದ್ದೆ. ಹೊರಟಿದ್ದೇ ಒಂದು ಸೊಪ್ಪಿಗಾಗಿ.

ಹೊಳಲ್ಕೆರೆ ದಾಟಿದ ಮೇಲೆ ಅಡಿಕೆ, ತೆಂಗಿನ ತೋಟ. ಆಮೇಲೆ ರಾಗಿ ಹೊಲ. ದೂರದ ಗುಡ್ಡಗಳ ಮೇಲೆ ಗಾಳಿ ಯಂತ್ರಗಳು. ಗೆಳೆಯನ ಊರು ಹೊಸದುರ್ಗದಿಂದ ಇನ್ನೂ ಸ್ವಲ್ಪ ಒಳಗೆ. ಕಾಫಿ ಕುಡಿದವನೇ ಅವನ ಅಮ್ಮನ ಜೊತೆ ಹೊಲಕ್ಕೆ ಹೋದೆ. ರಾಗಿ ಮೊಣಕಾಲುದ್ದ ಬೆಳೆದಿತ್ತು. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು. ನಾಲ್ಕೈದು ಹೆಂಗಸರು ಕಳೆ ತೆಗೆಯುತ್ತಿದ್ದರು. ಒಬ್ಬೊಬ್ಬರ ಮಡಿಲೂ ಉಬ್ಬಿತ್ತು. ಉಳಿದ ಕಳೆ ಬದುವಿಗೆ, ಅಣ್ಣೆ ಸೊಪ್ಪು ಮಡಿಲಿಗೆ.

ಗಿಡ ನೆಟ್ಟಗೆ ಬೆಳೆಯುತ್ತದೆ. ಒಳ್ಳೆ ಮಣ್ಣು ಸಿಕ್ಕರೆ ಸೊಂಟದೆತ್ತರ ಬರುತ್ತದೆ. ಎಲೆ ಉದ್ದ, ತುದಿ ಚೂಪು, ಅಂಚು ನುಣುಪು. ಕಾಂಡದ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಬರುತ್ತವೆ, ಜೋಡಿಯಾಗಿ ಅಲ್ಲ. ಕಾಂಡಕ್ಕೆ ಉದ್ದುದ್ದ ಗೀರು, ಕೆಲವಕ್ಕೆ ಕೆಂಪು ಛಾಯೆ. ಬದುವಿನ ಪಕ್ಕ ಒಂದು ಗಿಡ ಆಗಲೇ ಹೂ ಬಿಟ್ಟಿತ್ತು. ಬಗ್ಗಿ ನೋಡಿದೆ. ತೆನೆಯಂಥ ಹೂಗೊಂಚಲು, ತುದಿ ಗುಲಾಬಿ, ಬುಡ ಬೆಳ್ಳಿಯಷ್ಟು ಬಿಳಿ. ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಹಳತಾದಂತೆ ಬಣ್ಣ ಇಳಿದು ಬಿಳಿಯಾಗುತ್ತದೆ. ಮುಟ್ಟಿದರೆ ಒಣ ಕಾಗದದ ಹಾಗೆ ಸರಸರ ಅನ್ನುತ್ತದೆ. ಬಲಿತ ಕಾಯಿ ಮುಚ್ಚಳ ತೆಗೆದ ಹಾಗೆ ಅಡ್ಡಕ್ಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಮಿರಿಮಿರಿ ಮಿಂಚುವ ಪುಟಾಣಿ ಕಪ್ಪು ಬೀಜಗಳು.

"ಹೂ ಬಂದಿದ್ದು ಬಿಡಪ್ಪ, ನಾರಾಗಿರ್ತದೆ. ಕುಡಿ ಮಾತ್ರ ಚಿವುಟು," ಅಂದರು ಗೆಳೆಯನ ಅಮ್ಮ. ಉಗುರು ಇಟ್ಟರೆ ಪಟ್ ಅಂತ ಮುರಿಯಬೇಕು. ಮುರಿಯದೆ ಬಾಗಿದರೆ ಬಲಿತಿದೆ ಅಂತಲೇ ಅರ್ಥ. ಹೀಗೆ ಕುಡಿ ಚಿವುಟಿದ ಗಿಡ ಪಕ್ಕದಲ್ಲಿ ಮತ್ತೆ ಚಿಗುರುತ್ತದೆ. ಅದಕ್ಕೇ ಬದುವಿನ ಮೇಲಿನ ಗಿಡಗಳನ್ನು ಅವರು ಬೇರು ಸಮೇತ ಕೀಳುವುದಿಲ್ಲ. ರಾಗಿ ಸಾಲಿನಲ್ಲಿರುವುದಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ.

ಇದರ ಶಾಸ್ತ್ರೀಯ ಹೆಸರು ಸೆಲೋಸಿಯಾ ಅರ್ಜೆಂಟಿಯಾ. 1753ರಲ್ಲಿ ಲಿನೇಯಸ್ ಇಟ್ಟಿದ್ದು. ದಂಟು, ಹೊನಗನ್ನೆ, ಉತ್ತರಾಣಿ ಎಲ್ಲ ಇದರ ಕುಟುಂಬದವೇ. ಮನೆ ಮುಂದೆ ಬೆಳೆಸುವ ಕೋಳಿಜುಟ್ಟಿನ ಹೂವು ಇದೇ ಗಿಡದ ತೋಟದ ರೂಪ. ಹೊಲದ ಕಳೆಗೂ ಆ ದಪ್ಪ ಮಖಮಲ್ ಹೂವಿಗೂ ಇಷ್ಟು ಹತ್ತಿರದ ನಂಟು ಅಂದರೆ ನಂಬುವುದೇ ಕಷ್ಟ, ಅಲ್ವಾ? ನೈಜೀರಿಯಾದ ಯೊರೂಬಾ ಜನ ಇದನ್ನು ಸೋಕೊ ಅಂತ ಕರೆದು, ಬೀಜ ಬಿತ್ತಿ ಬೆಳೆದು, ಸಂತೆಯಲ್ಲಿ ಮಾರುತ್ತಾರೆ. ಚೀನಾದ ವೈದ್ಯದಲ್ಲಿ ಬೀಜವನ್ನು ಕಣ್ಣಿನ ತೊಂದರೆಗೆ ಕೊಡುತ್ತಾರೆ. ನಮ್ಮ ನಾಟಿ ವೈದ್ಯದಲ್ಲಿ ಅದು ಭೇದಿಗೆ ಔಷಧಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರಿನ ಕೆಲಸ. ಜೋಳದಂಥ ಬೆಳೆಯ ಬೇರಿಗೆ ಅಂಟಿ ಸಾರ ಹೀರುವ ಸ್ಟ್ರೈಗಾ ಅನ್ನೋ ಕಳೆ ಇದೆ. ಆಫ್ರಿಕಾದ ರೈತರಿಗೆ ಅದು ದೊಡ್ಡ ಶತ್ರು. ಅಣ್ಣೆ ಗಿಡದ ಬೇರಿನಿಂದ ಒಸರುವ ರಸಕ್ಕೆ ಆ ಕಳೆಯ ಬೀಜ ಮೊಳೆಯುತ್ತದೆ. ಆದರೆ ಅಂಟಿಕೊಳ್ಳಲು ತಕ್ಕ ಬೇರು ಸಿಗದೆ ಸಾಯುತ್ತದೆ. ಕಳೆಯನ್ನೇ ತೆಗೆಯುವ ಕಳೆ! ಹೊಲದಲ್ಲಿ ಕಂಡದ್ದನ್ನೆಲ್ಲ ಕಸ ಅನ್ನುವವರು ಇದನ್ನೊಮ್ಮೆ ತಿಳಿಯಬೇಕು ಅಂತ ನನಗೆ ನಿಜಕ್ಕೂ ಅನಿಸುತ್ತದೆ.

ಮಧ್ಯಾಹ್ನ ಬಸ್ಸಾರು. ತೊಗರಿಬೇಳೆ ಅರ್ಧ ಬೆಂದ ಮೇಲೆ ಸೊಪ್ಪು ಹಾಕಿ, ಒಟ್ಟಿಗೆ ಬೇಯಿಸಿ, ಕಟ್ಟು ಬಸಿದಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಸೊಪ್ಪು ಬೇಳೆ ಒಂದು ಹಿಡಿ. ಇಷ್ಟನ್ನೂ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಪಕ್ಕದಲ್ಲಿ ಬಿಸಿ ಮುದ್ದೆ. ಅಣ್ಣೆಗೆ ಪಾಲಕ್‌ನ ಹಸಿ ವಾಸನೆ ಇಲ್ಲ, ದಂಟಿನ ಸಿಹಿಯೂ ಇಲ್ಲ. ಸಣ್ಣಗೆ ಮಣ್ಣಿನ ರುಚಿ, ಕೊನೆಗೆ ಕಂಡೂ ಕಾಣದಂಥ ಕಹಿ. ಪೇಟೆಯ ಸೊಪ್ಪಿನಲ್ಲಿ ಈ ರುಚಿ ನನಗೆ ಸಿಕ್ಕಿಲ್ಲ.

ಬಲಿತ ಗಿಡವೂ ದಂಡವಲ್ಲ. ದೀಪಾವಳಿ ಹೊತ್ತಿಗೆ ನಮ್ಮ ದಾವಣಗೆರೆ ಕಡೆ ಅಣ್ಣೆ ಹೂವನ್ನು ತಂಗಡಿ ಹೂವಿನ ಜೊತೆ ತಂದು ಪೂಜೆಗೆ ಇಡುತ್ತಾರೆ. ಎಷ್ಟೋ ದಿನ ಬಾಡುವುದಿಲ್ಲ.

ಸಂಜೆ ವಾಪಸ್ ಹೊರಟಾಗ ರಸ್ತೆ ಪಕ್ಕದ ಮೆಕ್ಕೆಜೋಳದ ಹೊಲದ ಅಂಚಲ್ಲಿ ಒಳ್ಳೆ ಎಳೆ ಅಣ್ಣೆ ಕಂಡಿತು. ಕೈ ಹಾಕಲು ಹೋದೆ. ಗೆಳೆಯನ ಅಮ್ಮ ತಡೆದರು. "ಅಲ್ಲಿ ಕಳೆ ಔಷಧಿ ಹೊಡೆದವ್ರೆ, ಮುಟ್ಟಬೇಡ." ಹತ್ತಿರ ಹೋಗಿ ನೋಡಿದರೆ ಸಾಲಿನೊಳಗಿನ ಗಿಡಗಳ ಎಲೆ ಆಗಲೇ ಅಂಚಿಂದ ಹಳದಿಯಾಗಿದ್ದವು. ಸೊಪ್ಪು ಹುಡುಕಿ ಹೋಗುವವರು ಹೊಲದವರನ್ನು ಮೊದಲು ಕೇಳಿ: ಔಷಧಿ ಹೊಡೆದಿದ್ದೀರಾ, ಯಾವಾಗ? ಕಿಡ್ನಿಯಲ್ಲಿ ಕಲ್ಲಿರುವವರು ಈ ಜಾತಿಯ ಸೊಪ್ಪನ್ನೆಲ್ಲ ಜಾಸ್ತಿ ತಿನ್ನದಿರುವುದು ಒಳ್ಳೆಯದು. ಇದರಲ್ಲಿ ಆಕ್ಸಲೇಟ್ ಇರುತ್ತದೆ. ಉಳಿದವರು ರಾಗಿ ಹೊಲದಲ್ಲಿ ಕಳೆ ತೆಗೆಯುವ ದಿನ ನೋಡಿಕೊಂಡು ಹೋಗಿ, ಬಟ್ಟೆ ಚೀಲ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಈ ಎಳೆ ಕುಡಿ ಮನೆ ಸೇರುವಷ್ಟರಲ್ಲಿ ಬೆವರಿ ಕಪ್ಪಾಗುತ್ತದೆ.