ಹಸಿರು ಬೆಳಕಲ್ಲಿ ಬೇರಿಯಂ ಹುಡುಕಾಟ: ಡಿವಿಡಿ ಸ್ಪೆಕ್ಟ್ರೋಸ್ಕೋಪ್ ಎಲ್ಲಿಗೆ ಬಂತು

ಗಣೇಶನ ಹಬ್ಬದ ಹೊತ್ತಿಗೆ

ಪಟಾಕಿ ಮಾಡುವ ಆಸೆ ಬಿಟ್ಟು ಪಟಾಕಿ ನೋಡುವ ಕೆಲಸಕ್ಕೆ ಇಳಿದಿದ್ದೇನೆ. 2008ರ ಸ್ಫೋಟಕ ನಿಯಮಗಳ ಪ್ರಕಾರ ಒಂದು ಹೂಕುಂಡ ತುಂಬಬೇಕಾದರೂ ತಯಾರಿಕೆ ಲೈಸೆನ್ಸ್ ಬೇಕು. ಹವ್ಯಾಸಕ್ಕೆ ಅಂತ ಅದರಲ್ಲಿ ಜಾಗವೇ ಇಲ್ಲ. ಅಮೆರಿಕದಲ್ಲಿ ಇಂಥ ಹವ್ಯಾಸಿಗಳ ಸಂಘಗಳೇ ಇವೆ, ಆದರೆ ಅಲ್ಲೂ ಕೆಮಿಕಲ್ ಕೊಳ್ಳುವುದಕ್ಕೆ ಕಟ್ಟುಪಾಡು ಇದೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸುಟ್ಟುಹೋದರು. ಅದನ್ನು ನೆನೆದರೆ ಲೈಸೆನ್ಸ್ ಬಗ್ಗೆ ಗೊಣಗೋಕೂ ಮನಸ್ಸು ಬರುವುದಿಲ್ಲ.

ಕೆಮಿಕಲ್‌ಗಳ ವಿಷಯಕ್ಕೆ ಬಂದರೆ, ಗಂಧಕ ಮತ್ತು ಕ್ಲೋರೇಟ್ (ಉರಿಗೆ ಆಮ್ಲಜನಕ ಕೊಡುವ ಲವಣ) ಬೆರೆಸುವುದಕ್ಕೆ 1992ರಿಂದಲೇ ನಿಷೇಧ. ಬೆಂಕಿಕಡ್ಡಿ ತಲೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆಮೇಲೆ 2018ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಬೇರಿಯಂ ಲವಣಗಳನ್ನೂ ನಿಲ್ಲಿಸಿತು. 2021ರಲ್ಲಿ ಅದೇ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಯಾಕೆಂದರೆ ಆದೇಶ ಬಂದ ಮೇಲೂ ಬೇರಿಯಂ ಬಳಕೆ ನಿಂತಿರಲಿಲ್ಲ.

ಬೇರಿಯಂ ಅಂದ್ರೆ ಹಸಿರು ಬಣ್ಣಕ್ಕೆ ಹಾಕೋದು ಅಂತಷ್ಟೇ ತುಂಬ ಜನ ತಿಳಿದಿದ್ದಾರೆ. ಬೇರಿಯಂ ನೈಟ್ರೇಟ್ ಉರಿಗೆ ಆಮ್ಲಜನಕವನ್ನೂ ಕೊಡುತ್ತದೆ. ಹಾಗಾಗಿ ಬೆಳ್ಳಗೆ ಉರಿಯುವ ಸುರುಸುರು ಬತ್ತಿಯಲ್ಲೂ ಅದೇ ಇರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಇದೆಯೋ ಇಲ್ಲವೋ? ಲ್ಯಾಬಿಗೆ ಹೋಗದೆ, ಉರಿಯುವ ಬೆಳಕನ್ನೇ ನೋಡಿ ಹೇಳಬಹುದಾ? ಉರಿಯುವ ವಸ್ತು ಯಾವುದೋ ಅದರ ಮೇಲೆ ಬೆಳಕಿನಲ್ಲಿ ಬೇರೆ ಬೇರೆ ಕಡೆ ಗೆರೆ, ಪಟ್ಟೆ ಮೂಡುತ್ತವೆ. ಅವನ್ನು ಬಿಡಿಸಿ ತೋರಿಸುವ ಡಬ್ಬಿಯೇ ಸ್ಪೆಕ್ಟ್ರೋಸ್ಕೋಪ್. ಈ ಪ್ರಾಜೆಕ್ಟ್ ಅದಕ್ಕೇ.

ಆಯುಧಪೂಜೆ ರಜೆ

ಡಬ್ಬಿ ತಯಾರಾಯಿತು. ಕಪ್ಪು ರಟ್ಟಿನ ಪೆಟ್ಟಿಗೆ, ಒಂದು ತುದಿಗೆ ಎರಡು ಶೇವಿಂಗ್ ಬ್ಲೇಡ್ ಎದುರುಬದುರು ಅಂಟಿಸಿ ಮಾಡಿದ ಸೀಳು. ಇನ್ನೊಂದು ತುದಿಗೆ ಹಳೇ ಡಿವಿಡಿಯ ತುಂಡು. ಡಿವಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 1350 ಗೆರೆ, ಸಿಡಿಯಲ್ಲಿ 625 ಅಷ್ಟೇ. ಗೆರೆ ಒತ್ತಾಗಿದ್ದಷ್ಟೂ ಬಣ್ಣಗಳು ಜಾಸ್ತಿ ಬಿಡಿಸಿಕೊಳ್ಳುತ್ತವೆ. ಡಿವಿಡಿಯ ಎರಡು ಪದರ ಬಿಡಿಸಿ, ಬೆಳ್ಳಿ ಬಣ್ಣದ ಪೊರೆಯನ್ನು ಸೆಲೋಟೇಪ್ ಹಾಕಿ ಕಿತ್ತರೆ ಪಾರದರ್ಶಕ ತುಂಡು ಸಿಗುತ್ತದೆ. ಅದರ ಹಿಂದೆ ಮೊಬೈಲ್ ಕ್ಯಾಮೆರಾ.

ಅಳತೆ ಹೊಂದಿಸಲು ಅಟ್ಟದಲ್ಲಿದ್ದ ಸಿಎಫ್‌ಎಲ್ ಬಲ್ಬ್ ಇಳಿಸಿದೆ. ಒಳಗಿನ ಪಾದರಸ 435.8 ಮತ್ತು 546.1 ನ್ಯಾನೋಮೀಟರಿನಲ್ಲಿ ಕರಾರುವಾಕ್ಕಾಗಿ ಗೆರೆ ಎಳೆದುಕೊಡುತ್ತದೆ. (ನ್ಯಾನೋಮೀಟರ್ ಅಂದ್ರೆ ಬೆಳಕಿನ ಅಲೆಯ ಉದ್ದದ ಅಳತೆ, ಮುಂದೆ ಬರುವ ಬಣ್ಣದ ಅಂಕಿಗಳೆಲ್ಲ ಅದರಲ್ಲೇ.) ಎಲ್‌ಇಡಿ ಬಂದ ಮೇಲೆ ಇವನ್ನೆಲ್ಲ ಗುಜರಿಗೆ ಹಾಕಿಬಿಟ್ಟೆವು. ನಿಮ್ಮ ಮನೇಲಿ ಉಳಿದಿದ್ದರೆ ಎಸೀಬೇಡಿ.

ಕ್ಯಾರಂ ಪೌಡರ್ ಪರೀಕ್ಷೆ

ಹಬ್ಬಕ್ಕೆ ಮುಂಚೆ ಒಂದು ಅನುಮಾನ ಬಗೆಹರಿಸಬೇಕಿತ್ತು. ಬೇರಿಯಂ ಇಲ್ಲದೆಯೂ ಹಸಿರು ಬರುತ್ತದೆ, ಬೋರಾನ್‌ನಿಂದ. ಕ್ಯಾರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯನ್ನು ಚಿಟಿಕೆಯಷ್ಟು ಸ್ಪಿರಿಟ್ ದೀಪದ ಬತ್ತಿಗೆ ಮುಟ್ಟಿಸಿದೆ. ಉರಿಯ ಅಂಚು ಎಳೇ ಗರಿಕೆ ಬಣ್ಣಕ್ಕೆ ತಿರುಗಿತು. ಡಬ್ಬಿಯಲ್ಲಿ ನೋಡಿದರೆ 518, 548, 580ರ ಹತ್ತಿರ ಅಗಲವಾದ, ಅಂಚು ಮಸುಕಾದ ಪಟ್ಟೆಗಳು. 548ರ ಪಟ್ಟೆ ಪಾದರಸದ ಗೆರೆಗೆ ಅಂಟಿಕೊಂಡೇ ಬರುವುದರಿಂದ ಸಿಎಫ್‌ಎಲ್ ಆರಿಸಿ ನೋಡಬೇಕು.

ಬೇರಿಯಂ ಕ್ಲೋರೈಡಿನ ಪಟ್ಟೆಗಳು ಬೇರೆ ಕಡೆ ಕೂರುತ್ತವೆ: 507, 514, 524, 532. ಕಣ್ಣಿಗೆ ಎರಡೂ ಹಸಿರೇ, ಡಬ್ಬಿಗೆ ಮಾತ್ರ ಬೇರೆ ಬೇರೆ. ಈ ಸಾಮಾನು ಅಷ್ಟು ಬಿಡಿಸಿ ತೋರಿಸುತ್ತದೆ ಅಂತ ಗೊತ್ತಾದ ಮೇಲೆ ಧೈರ್ಯ ಬಂತು.

ನರಕ ಚತುರ್ದಶಿ, ರಾತ್ರಿ 8ರಿಂದ 10

ಪಟಾಕಿಗೆ ಕೊಟ್ಟಿರುವ ಎರಡೇ ಗಂಟೆಯಲ್ಲಿ ಎಲ್ಲ ಮುಗಿಸಬೇಕು. ತಾರಸಿ ಮೇಲೆ ಟ್ರೈಪಾಡ್, ಪಕ್ಕದಲ್ಲಿ ಎರಡು ಬಕೆಟ್ ಮರಳು, ಕಣ್ಣಿಗೆ ಕನ್ನಡಕ. ಮಗಳು ಬತ್ತಿ ಹಚ್ಚುವವಳು, ನಾನು ರೆಕಾರ್ಡಿಂಗ್ ಒತ್ತುವವನು. ಎಕ್ಸ್‌ಪೋಷರ್ ಲಾಕ್ ಮಾಡದಿದ್ದರೆ ಕ್ಯಾಮೆರಾ ತಾನೇ ಬೆಳಕು ಏರಿಸಿ ಎಲ್ಲ ಬೆಳ್ಳಗೆ ಮಾಡಿಬಿಡುತ್ತದೆ.

ಮೊದಲು ಕೆಂಪು. 600ರಿಂದ 680ರವರೆಗೆ ಗುಂಪಾಗಿ ಪಟ್ಟೆಗಳು. ಸ್ಟ್ರಾನ್ಷಿಯಂ, ತಕರಾರಿಲ್ಲ. ಯಾವುದು ಹಚ್ಚಿದರೂ 589ರಲ್ಲಿ ಸೋಡಿಯಂನ ಹಳದಿ ಗೆರೆ ಇದ್ದೇ ಇರುತ್ತದೆ, ಅದು ಕರೆಯದೇ ಬರುವ ನೆಂಟ.

ಆಮೇಲೆ ಹಸಿರು. ಎರಡು ಬೇರೆ ಪೊಟ್ಟಣ ತಂದಿದ್ದೆ, ಎರಡರ ಮೇಲೂ 'ಹಸಿರು ಪಟಾಕಿ' ಲೋಗೊ (ಇಲ್ಲಿ ಹಸಿರು ಅಂದ್ರೆ ಬಣ್ಣ ಅಲ್ಲ, ಮಾಲಿನ್ಯ ಕಡಿಮೆ ಅಂತ). ಒಂದರಲ್ಲಿ ಅಗಲ ಪಟ್ಟೆ, ಕ್ಯಾರಂ ಪೌಡರಿನ ಫೋಟೊ ಪಕ್ಕದಲ್ಲಿಟ್ಟರೆ ಹೆಚ್ಚೂ ಕಮ್ಮಿ ಅದೇ. ಇನ್ನೊಂದರಲ್ಲಿ 514 ಮತ್ತು 524ರಲ್ಲಿ ಎರಡು ಚೂಪಾದ ಪಟ್ಟೆ ಎದ್ದು ನಿಂತಿದ್ದವು. ಅದು ಬೇರಿಯಂ. ಕಂಪನಿ ಹೆಸರು ಬರೆಯುವುದಿಲ್ಲ. ಒಂದು ಪೊಟ್ಟಣ ನೋಡಿ, ಅದೂ ರಟ್ಟಿನ ಡಬ್ಬಿ ನಂಬಿಕೊಂಡು ಯಾರ ಮೇಲೂ ಬೆರಳು ತೋರಿಸೋದು ಸರಿಯಲ್ಲ. ಹಳೇ ದಾಸ್ತಾನೂ ಇರಬಹುದು. ಆದರೆ ಲೋಗೊ ಇದೆ ಅಂದಮಾತ್ರಕ್ಕೆ ಸುಮ್ನೆ ನಂಬುವುದನ್ನು ನಾನಂತೂ ಬಿಟ್ಟೆ.

ಸುರುಸುರು ಬತ್ತಿ ಮಾತ್ರ ಕೈಕೊಟ್ಟಿತು. ಕಾದ ಲೋಹದ ಕಿಡಿ ಎಲ್ಲ ಬಣ್ಣವನ್ನೂ ಒಟ್ಟಿಗೆ ಚೆಲ್ಲುತ್ತದೆ. ಆ ಬೆಳಕಿನ ರಾಶಿಯಲ್ಲಿ ಬೇರಿಯಂನ 553.5ರ ಗೆರೆ ಇದ್ದರೂ ಕಾಣುವುದು ಕಷ್ಟ. ಕ್ಲೋರೇಟ್ ಅಂತೂ ಈ ಡಬ್ಬಿಯ ಕೈಗೆ ಸಿಗುವುದೇ ಇಲ್ಲ. ಪೊಟ್ಯಾಸಿಯಂ ನೈಟ್ರೇಟ್ ಆದರೂ ಕ್ಲೋರೇಟ್ ಆದರೂ 766, 770ರಲ್ಲಿ ಅದೇ ಜೋಡಿ ಗೆರೆ. ಅದನ್ನೂ ಮೊಬೈಲಿನ ಫಿಲ್ಟರ್ ಹೆಚ್ಚಿನಂಶ ತಡೆದುಬಿಡುತ್ತದೆ.

ಮುಂದಕ್ಕೆ

ತುಳಸಿ ಹಬ್ಬದ ಸಂಜೆಗೆ ಸೀಳನ್ನು ಇನ್ನೂ ಕಿರಿದು ಮಾಡಿ, ಸುರುಸುರು ಬತ್ತಿಯ ಕಿಡಿ ಮರೆಮಾಡಿ ಉರಿಯ ಬುಡವನ್ನಷ್ಟೇ ಹಿಡಿಯಬೇಕು. ಬೇರಿಯಂ ಕಂಡ ಪೊಟ್ಟಣದಲ್ಲಿ ಇನ್ನೂ ಕೆಲವು ಕಡ್ಡಿ ಉಳಿದಿವೆ. ಅವನ್ನು ಹಚ್ಚುವುದಿಲ್ಲ. ಸ್ಪೆಕ್ಟ್ರೋಮೀಟರ್ ಇರುವ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ನೋಡಿಕೊಡುತ್ತೇನೆ ಅಂದಿದ್ದಾರೆ.