ಕಿವಿ ಹಿಂಡುವವರಿಲ್ಲದ ಗುರು

9 ಮಾರ್ಚ್ 2025, ಭಾನುವಾರ
ಬೆಂಗಳೂರು

ಹವಾಯಿಯ ‘ಹುನಾ’ ಬಗ್ಗೆ ಓದುತ್ತಾ ಕೂತು ಮಧ್ಯಾಹ್ನದ ನಿದ್ದೆ ಹೋಯಿತು. ಸಾವಿರಾರು ವರ್ಷಗಳ ರಹಸ್ಯ ವಿದ್ಯೆ ಎಂದು ಊರೂರಲ್ಲಿ ಮಾರಾಟವಾಗುತ್ತಿರುವ ಈ ಹುನಾಕ್ಕೆ ಇನ್ನೂ ನೂರು ವರ್ಷ ಕೂಡ ತುಂಬಿಲ್ಲ. ಕಟ್ಟಿದವನು ಮ್ಯಾಕ್ಸ್ ಫ್ರೀಡಂ ಲಾಂಗ್ ಅಂತ ಒಬ್ಬ ಅಮೆರಿಕದ ಮೇಷ್ಟ್ರು. 1917ರಲ್ಲಿ ಹವಾಯಿಯ ದೊಡ್ಡ ದ್ವೀಪದ ಕಾಊ ಸೀಮೆಗೆ ಪಾಠ ಹೇಳಲು ಬಂದ. ಅಲ್ಲಿ ಗಿಡಮೂಲಿಕೆ ಕೊಡುವವರು, ಪೂಜೆ ಮಾಡುವವರು, ದೋಣಿ ಕೆತ್ತುವವರು, ಹೀಗೆ ಒಂದೊಂದು ವಿದ್ಯೆಯಲ್ಲಿ ಪಳಗಿದವರನ್ನು ಕಹುನಾ ಅನ್ನುತ್ತಾರೆ. ಅವರ ಗುಟ್ಟು ತಿಳಿಯಬೇಕೆಂದು ಲಾಂಗ್ ಓಡಾಡಿದ. ಯಾರೂ ಬಾಯಿ ಬಿಡಲಿಲ್ಲ. 1931ರಲ್ಲಿ ಬರಿಗೈಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದ. ಅಲ್ಲಿ ಕೆಲವು ವರ್ಷದ ಮೇಲೆ ಒಂದು ರಾತ್ರಿ ತಟ್ಟನೆ ಎಚ್ಚರವಾಗಿ, ಆ ಗುಟ್ಟೆಲ್ಲ ಹವಾಯಿ ಭಾಷೆಯ ಪದಗಳೊಳಗೇ ಅಡಗಿದೆ ಎಂದು ಹೊಳೆಯಿತಂತೆ. ನಿಘಂಟು ಬಿಚ್ಚಿದ, ಪದಗಳನ್ನು ತನಗೆ ಬೇಕಾದ ಹಾಗೆ ಮುರಿದ, 1936ರಲ್ಲಿ ಪುಸ್ತಕ ತಂದ. 1945ರಲ್ಲಿ ಸಂಘವನ್ನೂ ಕಟ್ಟಿದ.

ಸಾಕ್ಷಿ ಬೇಕಲ್ಲ? ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ಮೊದಲ ನಿರ್ದೇಶಕ ವಿಲಿಯಂ ಬ್ರಿಗಾಮ್ ತನಗೆ ಎಲ್ಲ ಹೇಳಿದರು ಎಂದು ಬರೆದುಕೊಂಡ. ಕಹುನಾಗಳ ಜೊತೆ ಬ್ರಿಗಾಮ್ ಸುಡುವ ಲಾವಾದ ಮೇಲೆ ನಡೆದರು, ಬೂಟು ಸುಟ್ಟುಹೋಯಿತು, ಪಾದಕ್ಕೆ ಏನೂ ಆಗಲಿಲ್ಲ ಎಂಬ ಕಥೆಯೂ ಅದರಲ್ಲಿದೆ. ಪುಸ್ತಕ ಬರುವ ಹೊತ್ತಿಗೆ ಬ್ರಿಗಾಮ್ ತೀರಿಕೊಂಡು ಹತ್ತು ವರ್ಷ. ಅವರ ಬರಹಗಳಲ್ಲಿ ಲಾಂಗ್ ಹೆಸರು ಹುಡುಕಿದವರಿಗೆ ಸಿಕ್ಕಿಲ್ಲ. ಸತ್ತವರನ್ನು ಸಾಕ್ಷಿಗೆ ಕರೆದರೆ ಪಾಟೀ ಸವಾಲಿನ ಭಯವಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಇದಲ್ಲ. ಅದೇ ಕಾಊ ಸೀಮೆಯಲ್ಲಿ 1895ರಲ್ಲಿ ಹುಟ್ಟಿದ ಮೇರಿ ಕವೇನಾ ಪುಕುಯಿ ಎಂಬ ಹೆಣ್ಣುಮಗಳು. ಎಳವೆಯಲ್ಲಿ ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ಆ ಅಜ್ಜಿ ಹವಾಯಿಯ ರಾಣಿ ಎಮ್ಮಾಳ ಆಸ್ಥಾನದಲ್ಲಿ ಹುಲಾ ಎಂಬ ಅಲ್ಲಿನ ಕುಣಿತ ಆಡಿದವಳು. ಪುಕುಯಿ ಮುಂದೆ ಅದೇ ಬಿಷಪ್ ಮ್ಯೂಸಿಯಂನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದರು, ಹಿರಿಯರ ಬಾಯಿಂದ ಹಾಡು, ಗಾದೆ, ಮದ್ದು, ಪದ್ಧತಿಗಳನ್ನು ಬರೆದುಕೊಂಡರು, 1957ರ ಹವಾಯಿ ನಿಘಂಟನ್ನು ಸ್ಯಾಮ್ಯುಯೆಲ್ ಎಲ್ಬರ್ಟ್ ಜೊತೆ ಸೇರಿ ಮಾಡಿದರು. ಲಾಂಗ್ ಹುಡುಕಿದ ಊರು, ಲಾಂಗ್ ಹೆಸರು ಹೇಳಿದ ಮ್ಯೂಸಿಯಂ, ಎರಡರಲ್ಲೂ ಗೊತ್ತಿದ್ದವರು ಇದ್ದರು. ಆದರೆ ಅವರ ಮುಂದೆ ಕೂತು ಕಲಿಯಬೇಕಿತ್ತು, ತಪ್ಪಿದರೆ ಬೈಸಿಕೊಳ್ಳಬೇಕಿತ್ತು.

ಆ ಊರಿನವರು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದಕ್ಕೂ ಕಾರಣವಿದೆ. 1819ರಲ್ಲಿ ಅರಸ ಲಿಹೊಲಿಹೊ ಹೆಂಗಸರ ಜೊತೆ ಕೂತು ಉಂಡು, ಕಾಪು ಎಂಬ ಹಳೆಯ ಕಟ್ಟುಪಾಡನ್ನೇ ಮುರಿದ. ಮರುವರ್ಷ ಮಿಷನರಿಗಳು ಬಂದಿಳಿದರು. 1830ರಲ್ಲಿ ಬಹಿರಂಗ ಹುಲಾಕ್ಕೆ ನಿಷೇಧ. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪಟ್ಟದಿಂದ ಇಳಿಸಿದರು, 1896ರಲ್ಲಿ ಶಾಲೆಯಲ್ಲಿ ಇಂಗ್ಲಿಷೇ ಆಗಬೇಕೆಂದು ಕಾನೂನು ಬಂತು. ಇಷ್ಟಾದ ಮೇಲೆ ಸರಕಾರಿ ಶಾಲೆಯ ಬಿಳಿ ಮೇಷ್ಟ್ರು ಬಂದು ‘ನಿಮ್ಮ ಮಂತ್ರ ಹೇಳಿ’ ಅಂದರೆ ಯಾರು ಹೇಳುತ್ತಾರೆ? ಆ ಮೌನದ ಜಾಗದಲ್ಲೇ ಅಂಗಡಿ ಎದ್ದಿತು.

ಇದನ್ನೆಲ್ಲ ಓದಲು ಕೂತಿದ್ದು ಅತ್ತಿಗೆಯ ದೆಸೆಯಿಂದ. ‘ಹೊಓಪೊನೊಪೊನೊ’, ಅಂದರೆ ಮನಸ್ತಾಪ ಬಗೆಹರಿಸುವ ಹವಾಯಿ ಪದ್ಧತಿ, ಅದರ ಶಿಬಿರವಂತೆ, ಇದೇ ಬೆಂಗಳೂರಲ್ಲಿ, ಎರಡು ದಿನ. ‘ನನ್ನಿಂದ ತಪ್ಪಾಯಿತು, ಕ್ಷಮಿಸು, ಧನ್ಯವಾದ, ಪ್ರೀತಿಸುತ್ತೇನೆ’ ಈ ನಾಲ್ಕನ್ನು ಮನಸ್ಸಿನಲ್ಲೇ ಜಪಿಸಿದರೆ ಸಂಬಂಧ ಸರಿಹೋಗುತ್ತದೆ, ಮಂಡಿನೋವೂ ಹೋಗುತ್ತದೆ. ಅತ್ತಿಗೆಗೆ ಮೈಸೂರಿನ ಸೈಟಿನ ವಿಷಯಕ್ಕೆ ತಮ್ಮನ ಜೊತೆ ಮಾತಿಲ್ಲ.

“ಅವನು ಬರೋದೇ ಬೇಡವಂತೆ ಕಣೋ, ನಾನೊಬ್ಬಳೇ ಹೇಳ್ಕೊಂಡರೆ ಸಾಕಂತೆ,” ಅಂದರು.

ಪುಕುಯಿ ಮತ್ತು ಜೊತೆಗಾರರು 1972ರಲ್ಲಿ ದಾಖಲಿಸಿದ ಹೊಓಪೊನೊಪೊನೊ ಬೇರೆಯೇ. ಅಲ್ಲಿ ಮನೆಯವರೆಲ್ಲ ಒಂದೆಡೆ ಕೂರಬೇಕು. ನಡೆಸಲು ಒಬ್ಬ ಹಿರಿಯ, ಅವರಿಗೆ ಹಕು ಎನ್ನುತ್ತಾರೆ. ಮೊದಲು ಪ್ರಾರ್ಥನೆ. ಆಮೇಲೆ ಆದ ತಪ್ಪು ಏನು, ಅದರಿಂದ ಯಾರ್ಯಾರು ಹೇಗೆ ಸಿಕ್ಕು ಬಿದ್ದಿದ್ದಾರೆ ಅಂತ ಎಳೆ ಎಳೆಯಾಗಿ ಬಿಡಿಸುವುದು. ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ, ಹಕುವಿಗೇ ಹೇಳಬೇಕು, ಇಲ್ಲದಿದ್ದರೆ ಐದು ನಿಮಿಷದಲ್ಲಿ ಜಗಳ ಹೊತ್ತಿಕೊಳ್ಳುತ್ತೆ. ಬಿಸಿಯೇರಿದರೆ ಹಕು ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ತಪ್ಪು ಮಾಡಿದವರು ಒಪ್ಪಬೇಕು, ಪರಿಹಾರ ಕೊಡಬೇಕಿದ್ದರೆ ಕೊಡಬೇಕು. ನೊಂದವರೂ ಹಿಡಿದುಕೊಂಡದ್ದನ್ನು ಬಿಡಬೇಕು. ಎರಡೂ ಕಡೆಯವರು ಬಿಟ್ಟರೇ ಬಿಡುಗಡೆ. ಕೊನೆಗೆ ಪ್ರಾರ್ಥನೆ, ಒಟ್ಟಿಗೆ ಊಟ. ಒಂದೇ ಸಲ ಕೂತು ಮುಗಿಯಬೇಕೆಂದೂ ಇಲ್ಲ.

ಇದನ್ನು ಅತ್ತಿಗೆಗೆ ವಿವರಿಸಿ, “ತಮ್ಮನನ್ನ ಎದುರಿಗೆ ಕೂರಿಸ್ಕೊಂಡು ಮಾಡೋದಾದರೆ ಮಾಡಿ, ನಾನೂ ಬರ್ತೀನಿ,” ಅಂದೆ. “ಅವನ ಮುಖ ನೋಡೋದಾ? ಅದಕ್ಕಿಂತ ಶಿಬಿರದ ಫೀಸ್ ಕಟ್ಟೋದೇ ವಾಸಿ ಬಿಡು,” ಅಂದರು. ಹವಾಯಿಯಿಂದ ಇಲ್ಲಿಯವರೆಗೆ ಈ ಸರಕು ಯಾಕೆ ಖರ್ಚಾಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಆದರೆ ಮಧ್ಯದಲ್ಲಿ ಮೊರ್ನಾ ಸಿಮಿಯೋನಾ ಇದ್ದಾರೆ, ಅಲ್ಲಿ ನನ್ನ ಸಿಟ್ಟು ಸ್ವಲ್ಪ ತಡವರಿಸುತ್ತದೆ. ಅವರು ಅಪ್ಪಟ ಹವಾಯಿಯವರು, ಮದ್ದಿನ ಕಹುನಾ. 1983ರಲ್ಲಿ ಹವಾಯಿಯ ‘ಜೀವಂತ ನಿಧಿ’ ಎಂಬ ಗೌರವ ಪಡೆದವರು. 1976ರ ಸುಮಾರಿಗೆ ಹಳೆಯ ಪದ್ಧತಿಯನ್ನು ಒಬ್ಬರೇ ಮಾಡಿಕೊಳ್ಳುವ ಹಾಗೆ ತಿರುಗಿಸಿದ್ದು ಅವರೇ. ಕರ್ಮ, ಪೂರ್ವಜನ್ಮ ಎಲ್ಲ ಸೇರಿಸಿದರು. ತನ್ನ ಮನೆಯ ವಿದ್ಯೆಯನ್ನು ಬದಲಿಸುವ ಹಕ್ಕು ಅವರಿಗೆ ಇತ್ತು ಅಂತಲೇ ನನಗನಿಸುತ್ತದೆ, ಬದಲಿಸಿದ್ದು ನನಗೆ ರುಚಿಸದಿದ್ದರೂ. ಅವರದ್ದರಲ್ಲಿ ಪ್ರಾರ್ಥನೆಯಿತ್ತು, ಹಲವು ಹಂತಗಳಿದ್ದವು. ಅವರು ಹೋದ ಮೇಲೆ, 2007ರ ಒಂದು ಪುಸ್ತಕದಿಂದಾಗಿ, ಅವರ ಶಿಷ್ಯರೊಬ್ಬರು ರೋಗಿಗಳನ್ನು ನೋಡದೆ ಬರೀ ಫೈಲು ನೋಡುತ್ತಲೇ ಹುಚ್ಚಾಸ್ಪತ್ರೆಯ ವಾರ್ಡನ್ನು ಗುಣಪಡಿಸಿದರು ಎಂಬ ಕಥೆ ಲೋಕವೆಲ್ಲ ಹಬ್ಬಿತು. ನಾಲ್ಕು ವಾಕ್ಯದ ಜಪ ಊರೂರು ತಿರುಗಿದ್ದು ಅಲ್ಲಿಂದಲೇ.

ಹಾಗಾದರೆ ಹವಾಯಿ ರಕ್ತದವರು ಮಾತ್ರ ಗುರುಗಳೇ? ಪುಕುಯಿ ಅವರ ತಂದೆಯೇ ಮ್ಯಾಸಚೂಸೆಟ್ಸ್‌ನ ಬಿಳಿಯ. ಇನ್ನೂ ದೊಡ್ಡ ಉದಾಹರಣೆ ಮೌ ಪಿಯೈಲುಗ್. ನಕ್ಷತ್ರ ಮತ್ತು ಅಲೆ ನೋಡಿ ಸಾಗರ ದಾಟುವ ವಿದ್ಯೆ ಹವಾಯಿಯಲ್ಲಿ ಅಳಿದುಹೋಗಿತ್ತು. 1976ರಲ್ಲಿ ಹೊಕುಲೆಆ ದೋಣಿಯನ್ನು ದಿಕ್ಸೂಚಿಯಿಲ್ಲದೆ ಹವಾಯಿಯಿಂದ ತಾಹಿತಿಗೆ, ಸುಮಾರು 4,000 ಕಿಲೋಮೀಟರ್, ಒಯ್ದದ್ದು ಮೈಕ್ರೋನೇಷ್ಯಾದ ಸತವಾಲ್ ಎಂಬ ಪುಟ್ಟ ದ್ವೀಪದ ಈ ಮನುಷ್ಯ. ಅಜ್ಜನಿಂದ ಕಲಿತವರು. ಹವಾಯಿಯ ನೈನೋವಾ ಥಾಂಪ್ಸನ್ ಮೌ ಬಳಿ ಕಲಿತು 1980ರಲ್ಲಿ ಅದೇ ದಾರಿಯಲ್ಲಿ ತಾನೇ ದೋಣಿ ನಡೆಸಿದರು. 2007ರಲ್ಲಿ ಮೌ ತಮ್ಮ ದ್ವೀಪಕ್ಕೇ ಕರೆಸಿ, ಐವರು ಹವಾಯಿಯವರಿಗೆ ‘ಪ್ವೊ’, ಅಂದರೆ ಪಳಗಿದ ನಾವಿಕರ ದೀಕ್ಷೆ ಕೊಟ್ಟರು. ಹೊರಗಿನವರಾದರೂ ಕಲಿತವರು ಅವರನ್ನು ಗುರು ಅಂತಲೇ ಒಪ್ಪಿದರು. ತಪ್ಪಾಗಿ ಕಲಿಸಿದ್ದರೆ ಸಮುದ್ರವೇ ಹೇಳುತ್ತಿತ್ತು.

ಅತ್ತ ಹವಾಯಿಯದೇ ಕವಾಯಿ ದ್ವೀಪದಲ್ಲಿ ಇದರ ತಿರುವುಮುರುವು. ಅಲ್ಲಿನ ಶೈವ ಮಠವನ್ನು ಕಟ್ಟಿದ ಸುಬ್ರಮುನಿಯಸ್ವಾಮಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಅವರ ಇರೈವನ್ ದೇವಸ್ಥಾನದ ಕಲ್ಲುಗಳನ್ನು ಕೆತ್ತಿದ್ದು ನಮ್ಮ ಬೆಂಗಳೂರಿನ ಹೊರವಲಯದಲ್ಲಿ. ಶೈವ ಗುರು ಆಗಲು ಈ ಬಿಳಿಯನಿಗೇನು ಅಧಿಕಾರ ಅಂದರೆ, ಜಾಫ್ನಾದ ಯೋಗಸ್ವಾಮಿಗಳಿಂದ ದೀಕ್ಷೆ ಎಂದು ಬೊಟ್ಟು ಮಾಡಿ ತೋರಿಸಬಹುದು. ಒಪ್ಪುವುದು ಬಿಡುವುದು ಆಮೇಲಿನ ಮಾತು, ಕೇಳುವುದಕ್ಕಂತೂ ಜಾಫ್ನಾದಲ್ಲಿ ಜನ ಇದ್ದಾರೆ.

ಹವಾಯಿ ಸರಕಾರವೂ ಈ ‘ನಿಜವಾದ ಗುರು ಯಾರು’ ಗೊಂದಲಕ್ಕೆ ಕೈ ಹಾಕಿತು. ನಾಟಿ ವೈದ್ಯರಿಗೆ ಮಾನ್ಯತೆ ಕೊಡಲು 1998ರಲ್ಲಿ ಕಾನೂನು ಮಾಡಿತು. ಅದೇ ವರ್ಷ ಹಿರಿಯ ವೈದ್ಯರೇ ಸೇರಿ ಬರೆದು ಕೊಟ್ಟರು: ಮೈಯಲ್ಲಿ ಹವಾಯಿ ರಕ್ತ ಎಷ್ಟು ಪಾಲು ಎಂಬ ಲೆಕ್ಕ, ಲೈಸೆನ್ಸ್, ಸರ್ಟಿಫಿಕೇಟ್, ಇವು ಯಾವುವೂ ನಮ್ಮ ರೂಢಿಗೆ ಹೊಂದುವುದಿಲ್ಲ. ಮುಂದೆ ಕಾನೂನನ್ನೇ ತಿದ್ದಿ, ಗುರುತಿಸುವ ಕೆಲಸವನ್ನು ಕುಪುನಾ ಮಂಡಳಿಗಳಿಗೆ, ಅಂದರೆ ಆಯಾ ಕಡೆಯ ಹಿರಿಯರಿಗೆ, ಬಿಟ್ಟರು. ಸರ್ಟಿಫಿಕೇಟಿಗೆ ಫ್ರೇಮು ಉಚಿತ ಅನ್ನುವ ಶಿಬಿರದವರಿಗೆ ಇದನ್ನು ಕಳಿಸೋಣವೆಂದು ಟೈಪ್ ಮಾಡಿದೆ. ಆಮೇಲೆ ಅಳಿಸಿ, ಅತ್ತಿಗೆಯ ತಮ್ಮನ ನಂಬರ್ ಹುಡುಕಿದೆ. ನನ್ನ ಹತ್ತಿರ ಇರುವುದು ಅವನ ಹಳೇ ನಂಬರು.